ನಕ್ಷತ್ರಗಳ ನಡುವೆ ಪಿಎಎಚ್ ಇದೆ ಅಂತ ಹೇಗೆ ಗೊತ್ತಾಗುತ್ತದೆ? ಇಲ್ಲೇ ಕೂತು ಅದರ ಮೇಲೆ ಪ್ರಾಜೆಕ್ಟ್ ಮಾಡಬಹುದಾ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೇ ವರ್ಷ ಓದುತ್ತಿದ್ದೇನೆ. ಜೇಮ್ಸ್ ವೆಬ್ ಟೆಲಿಸ್ಕೋಪ್ ತೆಗೆದ ಚಿತ್ರಗಳ ವಿವರಣೆ ಓದುವಾಗ ಪದೇ ಪದೇ ಪಿಎಎಚ್ ಅಂತ ಬರುತ್ತದೆ. ಅಂದರೆ ಪಾಲಿಸೈಕ್ಲಿಕ್ ಅರೋಮ್ಯಾಟಿಕ್ ಹೈಡ್ರೋಕಾರ್ಬನ್, ಬೆಂಜೀನ್ ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿರುವ ಅಣುಗಳು. ನ್ಯಾಫ್ತಲೀನ್, ಆಂತ್ರಸೀನ್, ಪೈರೀನ್ ಎಲ್ಲ ನಾವು ಓದಿದ್ದೇ.

ಇದರ ಮೇಲೆ ಪ್ರಾಜೆಕ್ಟ್ ಮಾಡುವ ಆಸೆ ಬಂದಿದೆ. ಮನೆಯಲ್ಲಿ ಹೇಳಿದೆ. ಅಪ್ಪ, "ಡಾಂಬರ್ ಗುಳಿಗೆ ಆಕಾಶದಲ್ಲಿ ಇದೆ ಅಂತ ಇಲ್ಲಿ ಕೂತವರಿಗೆ ಹೆಂಗೆ ಗೊತ್ತಾಯ್ತು ಮಾರಾಯ್ತಿ? ಯಾರಾದ್ರೂ ಹೋಗಿ ತಂದ್ರಾ?" ಅಂತ ಕೇಳಿದರು. ನನಗೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಸ್ಪೆಕ್ಟ್ರಮ್ (ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿದ ಚಿತ್ರ) ನೋಡಿ ಹೇಳುತ್ತಾರೆ ಅನ್ನುವಷ್ಟು ಗೊತ್ತು. ಆದರೆ ಯಾವ ಅಣು ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ?

ಇನ್ನೊಂದು ಪ್ರಶ್ನೆ. ನನ್ನ ಹತ್ತಿರ ಇರುವುದು ಲ್ಯಾಬಿನ ಎಫ್‌ಟಿಐಆರ್ (ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ಅಳೆಯುವ ಯಂತ್ರ) ಮತ್ತು ಒಂದು ಲ್ಯಾಪ್‌ಟಾಪ್. ಟೆಲಿಸ್ಕೋಪ್ ಇಲ್ಲ. ಇದ್ದಿದ್ದರೂ ಜೂನ್‌ನಿಂದ ನಮ್ಮ ಕಡೆ ಚಂದ್ರ ಕಾಣುವುದೇ ಕಷ್ಟ. ಇಷ್ಟರಲ್ಲಿ ಏನಾದರೂ ಮಾಡಲು ಸಾಧ್ಯವಾ? ತಿಳಿದವರು ದಯವಿಟ್ಟು ಹೇಳಿ.

ಸಾಗರದ ಮೇಷ್ಟ್ರು:

ನಿಮ್ಮ ತಂದೆಯವರು ಕೇಳಿದ್ದು ಒಳ್ಳೇ ಪ್ರಶ್ನೆ. ನಾನು ಸಾಗರದಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು. ಸ್ಪೆಕ್ಟ್ರೋಸ್ಕೋಪಿ ನನಗೆ ಪ್ರಾಣ. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

1973ರಲ್ಲಿ ಗಿಲೆಟ್, ಫಾರೆಸ್ಟ್, ಮೆರಿಲ್ ಅನ್ನುವ ಮೂವರು ಪ್ಲಾನೆಟರಿ ನೆಬ್ಯುಲಾಗಳ ಇನ್‌ಫ್ರಾರೆಡ್ ಬೆಳಕನ್ನು ಅಳೆದರು. ಸಾಯುವ ಕಾಲಕ್ಕೆ ನಕ್ಷತ್ರ ಹೊರಗೆ ಚೆಲ್ಲಿದ ಅನಿಲದ ಮೋಡಗಳವು. 11.3 ಮೈಕ್ರಾನ್ ತರಂಗಾಂತರದ ಹತ್ತಿರ ಒಂದು ಪೀಕ್ ಸಿಕ್ಕಿತು. ಆಮೇಲಿನ ವರ್ಷಗಳಲ್ಲಿ 3.3, 6.2, 7.7, 8.6 ಎಲ್ಲ ಸಿಕ್ಕವು. ಒಂದು ಇದ್ದಲ್ಲಿ ಉಳಿದವೂ ಇರುತ್ತಿದ್ದವು. ಯಾವುದರಿಂದ ಬರುತ್ತವೆ ಅಂತ ಹತ್ತು ವರ್ಷ ಯಾರಿಗೂ ಬಗೆಹರಿಯಲಿಲ್ಲ.

ಬಗೆಹರಿದದ್ದು ಕೆಮಿಸ್ಟ್ರಿಯಿಂದ. 1984ರಲ್ಲಿ ಫ್ರಾನ್ಸಿನ ಲೆಜೆ ಮತ್ತು ಪ್ಯುಜೆ, 1985ರಲ್ಲಿ ಅಮೆರಿಕದ ಅಲ್ಲಮಂಡೋಲಾ, ಟೀಲೆನ್ಸ್, ಬಾರ್ಕರ್ ಇದು ಪಿಎಎಚ್ ಗುಂಪಿನ ಕೆಲಸ ಅಂದರು. ಎರಡನೇ ತಂಡದವರು ಒರಾಯನ್ ಮೋಡದ ಸ್ಪೆಕ್ಟ್ರಮ್ ಪಕ್ಕದಲ್ಲಿ ಕಾರಿನ ಹೊಗೆಯ ಮಸಿಯ ಸ್ಪೆಕ್ಟ್ರಮ್ ಇಟ್ಟು ತೋರಿಸಿದ್ದರು. ಮಸಿಯಲ್ಲಿ ಇರುವುದೂ ಇದೇ ಉಂಗುರಗಳು. ನಮ್ಮ ಬಚ್ಚಲ ಒಲೆಯ ಮೇಲೆ ಜೋಲುವ ಇಲ್ಲಣದಲ್ಲೂ ಇವೆ. ಅಪ್ಪನಿಗೆ ಅದನ್ನೇ ತೋರಿಸಿ.

ಈಗ ನಿಮ್ಮ ಎಫ್‌ಟಿಐಆರ್ ವಿಷಯಕ್ಕೆ ಬರೋಣ. ನನ್ನ ಪ್ರಕಾರ ನಿಮಗೆ ಬೇಕಾದ ಉಪಕರಣ ಅದೇ.

ಆಂತ್ರಸೀನ್ ತಗೊಳ್ಳಿ. ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಜೊತೆ ಅರೆದು, ಒತ್ತಿ ತೆಳು ಬಿಲ್ಲೆ, ಅಂದರೆ ಪೆಲೆಟ್ ಮಾಡಿ ಓಡಿಸಿ. 3050 ವೇವ್‌ನಂಬರ್ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಅನ್ನುವ ಲೆಕ್ಕ) ಹತ್ತಿರ ಸಣ್ಣ ಪೀಕ್ ಬರುತ್ತದೆ. ಅದು ಉಂಗುರಕ್ಕೆ ಅಂಟಿದ ಹೈಡ್ರೋಜನ್ ಉದ್ದಕ್ಕೆ ಎಳೆದು ಬಿಡುವ ಕಂಪನ. 10,000ವನ್ನು 3050ರಿಂದ ಭಾಗಿಸಿ, 3.28 ಮೈಕ್ರಾನ್ ಸಿಗುತ್ತದೆ. ಆಕಾಶದ 3.3 ಇದೇ ಕಂಪನದ್ದು. ಆಮೇಲೆ ಬಲಗಡೆ ನೋಡಿ. 880ರ ಆಸುಪಾಸು ಒಂದು, 727ರ ಆಸುಪಾಸು ಇನ್ನೊಂದು, ಎರಡೂ ಚೂಪಾಗಿ ನಿಂತಿರುತ್ತವೆ. ಹೈಡ್ರೋಜನ್‌ಗಳು ಉಂಗುರದ ಸಮತಲದಿಂದ ಮೇಲೆ ಕೆಳಗೆ ಅಲ್ಲಾಡುವ ಕಂಪನ ಅವು. ಎರಡು ಯಾಕೆ ಬಂದವು? ಆಂತ್ರಸೀನ್‌ನ ನಡುವಿನ ಉಂಗುರದಲ್ಲಿ ಹೈಡ್ರೋಜನ್ ಒಂಟಿ, ಅಕ್ಕಪಕ್ಕದ ಕಾರ್ಬನ್‌ನಲ್ಲಿ ಹೈಡ್ರೋಜನ್ ಇಲ್ಲ. ತುದಿಯ ಉಂಗುರಗಳಲ್ಲಿ ನಾಲ್ಕು ನಾಲ್ಕು ಸಾಲಾಗಿ ಇವೆ. ಒಂಟಿಯದು 880, ನಾಲ್ವರದು 727. ಆ 880 ಅಂದರೆ 11.4 ಮೈಕ್ರಾನ್. ಆಕಾಶದಲ್ಲಿ ಬಲವಾಗಿ ಕಾಣುವುದು 11.3.

ಇದರಿಂದ ಏನು ಗೊತ್ತಾಗುತ್ತದೆ ನೋಡಿ. ಅಲ್ಲಿರುವ ಅಣುಗಳ ಅಂಚಿನಲ್ಲಿ ಒಂಟಿ ಹೈಡ್ರೋಜನ್‌ಗಳೇ ಜಾಸ್ತಿ. ಅಂದರೆ ಉದ್ದನೆಯ ನೇರ ಅಂಚು ಇರುವ ದೊಡ್ಡ ಅಣುಗಳು. ಸುಮಾರು 50ರಿಂದ 100 ಕಾರ್ಬನ್ ಇರುವಂಥವು ಅಂತ ಅಂದಾಜು. ಚಿಕ್ಕವು ಅಲ್ಲಿನ ಯುವಿ ಬೆಳಕಿಗೆ ಒಡೆದು ಹೋಗುತ್ತವೆ. ಹಾಗಾಗಿ ಡಾಂಬರ್ ಗುಳಿಗೆಯ ನ್ಯಾಫ್ತಲೀನ್ ಅಂಥ ಕಡೆ ಬಾಳುವುದು ಕಷ್ಟ. ಒಂದು ಹೈಡ್ರೋಜನ್‌ಗೆ ನೆರೆಯವರು ಎಷ್ಟು ಜನ ಅನ್ನುವುದನ್ನು ಸಾವಿರಾರು ಜ್ಯೋತಿರ್ವರ್ಷ ದೂರದಿಂದ ಓದಬಹುದು! ಪಾಠ ಮಾಡುವಾಗೆಲ್ಲ ಈ ಜಾಗಕ್ಕೆ ಬಂದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಪೆಲೆಟ್ ಬೆಳಕನ್ನು ಹೀರುತ್ತದೆ, ಆಕಾಶದ ಅಣು ಬೆಳಕನ್ನು ಹೊರಗೆ ಬಿಡುತ್ತದೆ. 3.3 ಮೈಕ್ರಾನ್‌ನಲ್ಲಿ ಹೊಳೆಯಲು ಸಾವಿರ ಕೆಲ್ವಿನ್ ಆಸುಪಾಸಿನ ಬಿಸಿ ಬೇಕು. ನಕ್ಷತ್ರದಿಂದ ಅಷ್ಟು ದೂರದ ದೂಳು ಕೆಲವು ಹತ್ತು ಕೆಲ್ವಿನ್ ಮಾತ್ರ ಇರುತ್ತದೆ. ಇದಕ್ಕೆ ದಾರಿ ಕಾಣಿಸಿದವರು ಕ್ರಿಸ್ ಸೆಲ್‌ಗ್ರೆನ್, 1984ರಲ್ಲಿ. ನಕ್ಷತ್ರದಿಂದ ದೂರ ಹೋದರೂ ಆ ಹೊಳಪಿನ ಬಣ್ಣ ಬದಲಾಗುವುದಿಲ್ಲ ಅಂತ ಅವರು ಕಂಡರು. ಒಂದೇ ಒಂದು ಯುವಿ ಫೋಟಾನ್ ಒಂದು ಸಣ್ಣ ಅಣುವಿಗೆ ಬಡಿದರೆ ಅಣು ಕ್ಷಣದಲ್ಲಿ ಕಾದು, ಇನ್‌ಫ್ರಾರೆಡ್ ಬಿಟ್ಟು ತಣ್ಣಗಾಗುತ್ತದೆ. ಒಂದು ಚೊಂಬು ಕುದಿಯುವ ನೀರು ಲೋಟಕ್ಕೆ ಬಿದ್ದರೆ ಲೋಟ ಸುಡುತ್ತದೆ, ಹಂಡೆಯ ತಣ್ಣೀರಿಗೆ ಬಿದ್ದರೆ ಗೊತ್ತೇ ಆಗುವುದಿಲ್ಲ, ಅಲ್ವಾ? ಹಾಗೇ ದೂಳಿನ ಕಣಕ್ಕೆ ಒಂದು ಫೋಟಾನ್ ಲೆಕ್ಕಕ್ಕಿಲ್ಲ. ಹೊಳೆಯುತ್ತಿರುವುದು ಅಣುವಿನ ಗಾತ್ರದ್ದೇ ಅನ್ನುವುದಕ್ಕೆ ಇದು ದೊಡ್ಡ ಸಾಕ್ಷಿ.

ಭದ್ರಾವತಿ ರೇಡಿಯೋ:

ಮೇಷ್ಟ್ರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಒಂದು ಮಾತು ಸೇರಿಸಲೇಬೇಕು. ಇನ್‌ಫ್ರಾರೆಡ್ ಪೀಕ್‌ಗಳಿಂದ ಕುಲ ಗೊತ್ತಾಗುತ್ತದೆಯೇ ಹೊರತು ವ್ಯಕ್ತಿ ಯಾರು ಅಂತ ಗೊತ್ತಾಗುವುದಿಲ್ಲ. ಎಲ್ಲ ಪಿಎಎಚ್‌ಗಳ ಹೈಡ್ರೋಜನ್‌ಗಳೂ ಹೆಚ್ಚು ಕಡಿಮೆ ಒಂದೇ ಕಡೆ ಕಂಪಿಸುತ್ತವೆ. ಬರೀ ಉಂಗುರಗಳಲ್ಲ, ಉಂಗುರಗಳೂ ಸರಪಳಿಗಳೂ ಸೇರಿದ ಗೊಂದಲದ ವಸ್ತು ಅದು ಅಂತ 2011ರಲ್ಲಿ ಸನ್ ಕ್ವಾಕ್ ಮತ್ತು ಯಾಂಗ್ ಜಾಂಗ್ ವಾದ ಮಾಡಿದ್ದಾರೆ. ಪ್ರಾಜೆಕ್ಟ್ ವರದಿಯಲ್ಲಿ ಅದನ್ನೂ ಬರೆಯಿರಿ.

ವ್ಯಕ್ತಿಯನ್ನು ಹಿಡಿಯಬೇಕಾದರೆ ರೇಡಿಯೋ ಬೇಕು. ಅನಿಲದಲ್ಲಿ ಅಣು ಗಿರಗಿರ ತಿರುಗುವಾಗ ಬಿಡುವ ರೇಖೆಗಳು ಪ್ರತಿ ಅಣುವಿಗೂ ಬೇರೆ. ಆದರೆ ಆ ರೇಖೆ ಬರಬೇಕಾದರೆ ಅಣುವಿಗೆ ಡೈಪೋಲ್ ಮೊಮೆಂಟ್ ಇರಬೇಕು, ಅಂದರೆ ಚಾರ್ಜ್ ಒಂದು ಕಡೆಗೆ ವಾಲಿರಬೇಕು. ಬೆಂಜೀನ್, ನ್ಯಾಫ್ತಲೀನ್, ಪೈರೀನ್ ಎಲ್ಲ ಸಮಮಿತಿಯವು, ಡೈಪೋಲ್ ಸೊನ್ನೆ. ರೇಡಿಯೋಗೆ ಕಾಣುವುದೇ ಇಲ್ಲ. ಅದಕ್ಕೆ ಒಂದು ಹೈಡ್ರೋಜನ್ ಜಾಗದಲ್ಲಿ ಸಯನೋ ಗುಂಪು (ಕಾರ್ಬನ್-ನೈಟ್ರೋಜನ್ ಜೋಡಿ) ಕೂತಿರುವ ಅಣುಗಳನ್ನು ಹುಡುಕಿದರು.

ಜಾಗ ವೃಷಭ ರಾಶಿಯ ಟಿಎಂಸಿ-1 ಅನ್ನುವ ಕತ್ತಲೆ ಮೋಡ. ಉಷ್ಣತೆ ಸುಮಾರು 10 ಕೆಲ್ವಿನ್. ಅಮೆರಿಕದ ಗ್ರೀನ್ ಬ್ಯಾಂಕ್‌ನ 100 ಮೀಟರ್ ಡಿಶ್‌ನಿಂದ ಬ್ರೆಟ್ ಮೆಕ್‌ಗೈರ್ ತಂಡ 2018ರಲ್ಲಿ ಬೆಂಜೋನೈಟ್ರೈಲ್, ಅಂದರೆ ಸಯನೋ ಕೂತ ಬೆಂಜೀನ್, ಹಿಡಿಯಿತು. 2021ರಲ್ಲಿ ಸಯನೋನ್ಯಾಫ್ತಲೀನ್‌ನ ಎರಡೂ ಐಸೋಮರ್‌ಗಳು (ಸಯನೋ ಕೂತ ಜಾಗ ಮಾತ್ರ ಬೇರೆ) ಸಿಕ್ಕವು. ಅದೇ ವರ್ಷ ಸಯನೋ ಇಲ್ಲದ ಇಂಡೀನ್ ಕೂಡ. ಅದಕ್ಕೆ ಸ್ವಲ್ಪ ಡೈಪೋಲ್ ಇದೆ. 2024ರಲ್ಲಿ ಸಯನೋಪೈರೀನ್, 2025ರಲ್ಲಿ ಏಳು ಉಂಗುರದ ಸಯನೋಕೊರೊನೀನ್. ಏನು ವೇಗ!

ಆದ್ದರಿಂದ ನಿಮ್ಮ ತಂದೆಯವರಿಗೆ ಹೇಳಿ, ಡಾಂಬರ್ ಗುಳಿಗೆಯ ತಮ್ಮ ಸಿಕ್ಕಿದ್ದಾನೆ, ಆದರೆ ಬಿಸಿಲಿಲ್ಲದ ತಣ್ಣನೆ ಜಾಗದಲ್ಲಿ.

ತುಂಗಾತೀರ:

ಇಬ್ಬರಿಗೂ ತುಂಬಾ ಧನ್ಯವಾದ. ಇಲ್ಲಣದ ವಿಷಯ ಹೇಳಿದ್ದಕ್ಕೆ ಅಪ್ಪ ಒಲೆ ಹತ್ತಿರ ಹೋಗಿ ಕೋಲಿನಿಂದ ಸ್ವಲ್ಪ ಬಿಡಿಸಿ ತಂದು ಪೇಪರಿನಲ್ಲಿ ಕಟ್ಟಿ ಕೊಟ್ಟಿದ್ದಾರೆ, ಇದನ್ನೂ ನೋಡು ಅಂತ.

ಒಂದು ಅನುಮಾನ. ಮಸಿ ಆಗುವುದು ಬೆಂಕಿಯಲ್ಲಿ. 10 ಕೆಲ್ವಿನ್ ಮೋಡದಲ್ಲಿ ಏಳು ಉಂಗುರ ಕಟ್ಟಿದ್ದು ಯಾರು?

ಸಾಗರದ ಮೇಷ್ಟ್ರು:

ಇದು ಈಗ ಈ ಕ್ಷೇತ್ರದ ದೊಡ್ಡ ಜಗಳ. ಹಳೇ ಉತ್ತರ: ಕಾರ್ಬನ್ ಜಾಸ್ತಿ ಇರುವ ಮುದಿ ನಕ್ಷತ್ರಗಳ ಸುತ್ತ, ಸಾವಿರ ಕೆಲ್ವಿನ್ ಬಿಸಿಯಲ್ಲಿ, ಅಸಿಟಲೀನ್ ಒಂದೊಂದಾಗಿ ಸೇರಿ ಉಂಗುರ ಬೆಳೆಯುತ್ತದೆ. ಒಲೆಯ ಜ್ವಾಲೆಯಲ್ಲೂ ಇದೇ ನಡೆಯುತ್ತದೆ. ಆದರೆ ಟಿಎಂಸಿ-1ರಲ್ಲಿ ಸಿಕ್ಕಿದ್ದನ್ನು ನೋಡಿದರೆ ತಣ್ಣನೆ ಜಾಗದಲ್ಲೂ ಚಿಕ್ಕ ಅಣುಗಳಿಂದ ಉಂಗುರ ಕಟ್ಟುವ ದಾರಿ ಇರಬೇಕು.

"ಯಾರಾದ್ರೂ ಹೋಗಿ ತಂದ್ರಾ" ಅಂತ ತಂದೆಯವರು ಕೇಳಿದ್ದರಲ್ಲ. ತಂದಿದ್ದಾರೆ! ಜಪಾನಿನ ಹಯಬುಸಾ2 ನೌಕೆ ರ್ಯುಗು ಅನ್ನುವ ಕ್ಷುದ್ರಗ್ರಹದಿಂದ 5.4 ಗ್ರಾಂ ಪುಡಿಯನ್ನು 2020ರ ಡಿಸೆಂಬರಿನಲ್ಲಿ ಭೂಮಿಗೆ ತಂದಿತು. ಅದರಲ್ಲಿ ಪಿಎಎಚ್‌ಗಳಿದ್ದವು. 2023ರಲ್ಲಿ ಪ್ರಕಟವಾದ ಕೆಲಸದಲ್ಲಿ, ಒಂದೇ ಅಣುವಿನಲ್ಲಿ ಎರಡು ಕಾರ್ಬನ್-13 (ಕಾರ್ಬನ್‌ನ ಭಾರದ ಐಸೋಟೋಪ್) ಒಟ್ಟಿಗೆ ಇರುವ ಪ್ರಮಾಣ ಅಳೆದರು. ತಣ್ಣಗಿದ್ದಷ್ಟೂ ಭಾರದ ಐಸೋಟೋಪ್‌ಗಳು ಜೊತೆಯಾಗಿ ಉಳಿಯುವುದು ಜಾಸ್ತಿ. ನ್ಯಾಫ್ತಲೀನ್, ಫ್ಲೋರಾಂತೀನ್, ಪೈರೀನ್ ತಣ್ಣನೆ ಜಾಗದಲ್ಲಿ ಹುಟ್ಟಿದ ಗುರುತು ತೋರಿಸಿದವು. ಆಂತ್ರಸೀನ್, ಫಿನಾಂತ್ರೀನ್ ಬಿಸಿಯಲ್ಲಿ ಹುಟ್ಟಿದ ಗುರುತು. ಒಂದೇ ಪುಡಿಯಲ್ಲಿ ಎರಡು ಊರಿನವರು.

ಪ್ರಾಜೆಕ್ಟ್‌ಗೆ ನನ್ನ ಸಲಹೆ ಆ ಕೊನೆಯ ಎರಡು ಹೆಸರುಗಳೇ. ಆಂತ್ರಸೀನ್, ಫಿನಾಂತ್ರೀನ್ ಇಬ್ಬರಿಗೂ 14 ಕಾರ್ಬನ್, 10 ಹೈಡ್ರೋಜನ್. ಅಂಚು ಮಾತ್ರ ಬೇರೆ. ಫಿನಾಂತ್ರೀನ್‌ನಲ್ಲಿ ಒಂಟಿ ಹೈಡ್ರೋಜನ್ ಇಲ್ಲವೇ ಇಲ್ಲ, ಜೋಡಿ ಇದೆ. ಹಾಗಾಗಿ 880ರದು ಮಾಯವಾಗಿ 815ರ ಹತ್ತಿರ ಹೊಸದು ಬರುತ್ತದೆ. ಅಂಚು ಬದಲಾದರೆ ಪೀಕ್ ಹೇಗೆ ಸರಿಯುತ್ತದೆ ಅನ್ನುವುದು ನಿಮ್ಮ ಕಣ್ಣೆದುರೇ ಇರುತ್ತದೆ. ಇಲ್ಲಣ ಬೇರೆ ಪೊಟ್ಟಣದಲ್ಲೇ ಇರಲಿ, ಅದರಲ್ಲಿ ನೂರಾರು ಬಗೆಯ ಅಣುಗಳ ಕಲಬೆರಕೆ. ಪೀಕ್ ಬಿಡಿಸಲು ಆಗುವುದಿಲ್ಲ. ಬೆಂಜೋಪೈರೀನ್ ಮಾತ್ರ ಕೈಗೆತ್ತಿಕೊಳ್ಳಬೇಡಿ, ಅದು ಕ್ಯಾನ್ಸರ್ ತರುವಂಥದ್ದು. ಉಳಿದವಕ್ಕೂ ಕೈಗವಸು ಬೇಕು.

ಹೊಸನಗರ ಹುಡುಗ:

ಅಕ್ಕಾ, ಲೆಕ್ಕದ ಭಾಗ ನಾನು ಹೇಳ್ತೀನಿ. ನಾನು ಬೆಂಗಳೂರಲ್ಲಿ ಕಂಪ್ಯೂಟೇಷನಲ್ ಕೆಮಿಸ್ಟ್ರಿ ಮಾಡ್ತಿದ್ದೀನಿ. ಅವೊಗ್ಯಾಡ್ರೊ ಅನ್ನೋ ಸಾಫ್ಟ್‌ವೇರ್‌ನಲ್ಲಿ ಅಣು ಬರೆದುಕೊಳ್ಳಿ, ಓರ್ಕಾ ಅನ್ನೋದರಲ್ಲಿ ಕಂಪನದ ಫ್ರೀಕ್ವೆನ್ಸಿ ಲೆಕ್ಕ ಹಾಕಿ. ವಿದ್ಯಾರ್ಥಿಗಳಿಗೆ ಎರಡೂ ಉಚಿತ. ಬಿ3ಎಲ್‌ವೈಪಿ ಅನ್ನೋ ಲೆಕ್ಕದ ವಿಧಾನ ಸಾಕು. ಬಂದ ಸಂಖ್ಯೆಗಳು ಸ್ವಲ್ಪ ಜಾಸ್ತಿನೇ ಇರುತ್ತವೆ, 0.96ರ ಆಸುಪಾಸಿನಿಂದ ಗುಣಿಸಬೇಕು. ಎಷ್ಟರಿಂದ ಗುಣಿಸಬೇಕು ಅನ್ನೋದು ಬೇಸಿಸ್ ಸೆಟ್ (ಎಲೆಕ್ಟ್ರಾನ್‌ಗಳನ್ನು ವರ್ಣಿಸಲು ಆರಿಸುವ ಫಂಕ್ಷನ್‌ಗಳು) ಮೇಲೆ ಹೋಗುತ್ತದೆ. ನಿಮ್ಮ ಎಫ್‌ಟಿಐಆರ್ ಜೊತೆ ಹೋಲಿಸಿ ನೀವೇ ತೆಗೆಯಿರಿ, ಅದೇ ಒಂದು ಅಧ್ಯಾಯ ಆಗುತ್ತದೆ.

ಆಮೇಲೆ ಅದೇ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಮತ್ತೆ ಲೆಕ್ಕ ಹಾಕಿ. ಇದು ನನಗೆ ತುಂಬಾ ಇಷ್ಟದ ಭಾಗ. ನ್ಯೂಟ್ರಲ್ ಅಣುವಿನಲ್ಲಿ 3.3 ಮತ್ತು 11.3 ಜೋರು. ಅಯಾನ್ ಆದ ಕೂಡಲೇ 6ರಿಂದ 9 ಮೈಕ್ರಾನ್ ನಡುವಿನವು ಜೋರಾಗಿ ಏಳುತ್ತವೆ. ಇದರಿಂದಲೇ ಒಂದು ಮೋಡದಲ್ಲಿ ಯುವಿ ಎಷ್ಟು ಖಾರವಾಗಿದೆ ಅಂತ 7.7 ಮತ್ತು 11.3ರ ಅನುಪಾತ ನೋಡಿ ಅಂದಾಜು ಮಾಡ್ತಾರೆ. ವೆಬ್‌ನ ಕ್ಯಾಮೆರಾದಲ್ಲಿ 7.7ಕ್ಕೆ ಅಂತಲೇ ಒಂದು ಫಿಲ್ಟರ್ ಇದೆ.

ನಾಸಾದ ಏಮ್ಸ್ ಕೇಂದ್ರದವರು ಸಾವಿರಾರು ಪಿಎಎಚ್‌ಗಳ ಸ್ಪೆಕ್ಟ್ರಮ್‌ಗಳನ್ನು ಡೇಟಾಬೇಸ್ ಮಾಡಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ನಿಮ್ಮ ಲೆಕ್ಕವನ್ನು ಅದರ ಜೊತೆ ತಾಳೆ ನೋಡಿ. ವೆಬ್‌ನ ಒರಾಯನ್ ಬಾರ್ (ಒರಾಯನ್ ಮೋಡದ ಒಂದು ಅಂಚು) ಡೇಟಾ ಕೂಡ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನ್ಯಾಫ್ತಲೀನ್, ಆಂತ್ರಸೀನ್ ಲ್ಯಾಪ್‌ಟಾಪಿನಲ್ಲಿ ಬೇಗ ಮುಗಿಯುತ್ತವೆ. ಕೊರೊನೀನ್ ಹಾಕಿದರೆ ರಾತ್ರಿ ಓಡಲು ಬಿಡಬೇಕು. ಮಳೆಗಾಲದಲ್ಲಿ ಕರೆಂಟ್ ನಂಬಿಕೊಂಡು ಹಾಕಬೇಡಿ, ಯುಪಿಎಸ್ ಇರುವ ಕಡೆ ಓಡಿಸಿ.

ತುಂಗಾತೀರ:

ನಾಳೆ ಗೈಡ್ ಹತ್ತಿರ ಎರಡೂ ಅಣುಗಳ ಹೆಸರು ಇಡುತ್ತೇನೆ. ಲ್ಯಾಬಿನಲ್ಲಿ ಆಂತ್ರಸೀನ್ ಇದೆ, ಫಿನಾಂತ್ರೀನ್ ತರಿಸಬೇಕು. ಮೇಷ್ಟ್ರೇ, ಪೆಲೆಟ್ ಮಾಡುವಾಗ ನಮ್ಮಲ್ಲಿ ಯಾವಾಗಲೂ 3400 ಹತ್ತಿರ ದೊಡ್ಡ ಗುಡ್ಡ ಬರುತ್ತದೆ. ಪಕ್ಕದ 3050 ಅದರ ಇಳಿಜಾರಿನಲ್ಲಿ ಮುಚ್ಚಿಹೋಗುತ್ತದೆ. ಏನು ಮಾಡಲಿ?

ಸಾಗರದ ಮೇಷ್ಟ್ರು:

ಅದು ನೀರು. ಕೆಬಿಆರ್ ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ಎಳೆದುಕೊಳ್ಳುತ್ತದೆ. ಹಿಂದಿನ ದಿನವೇ ಅರೆದು 110 ಡಿಗ್ರಿ ಓವನ್‌ನಲ್ಲಿ ಇಡಿ, ಬೆಳಗ್ಗೆ ಡೆಸಿಕೇಟರ್‌ನಲ್ಲಿ ತಣ್ಣಗಾಗಲು ಬಿಡಿ. ಖಲ್ಲು, ಡೈ ಎರಡನ್ನೂ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಆಂತ್ರಸೀನ್ ಓವನ್‌ಗೆ ಹಾಕಬೇಡಿ, ಕೆಬಿಆರ್ ಮಾತ್ರ. ನೂರು ಪಾಲಿಗೆ ಒಂದು ಪಾಲು ಆಂತ್ರಸೀನ್ ಸಾಕು. ಒತ್ತಿದ ಕೂಡಲೇ ಓಡಿಸಿ, ಟೀ ಕುಡಿದು ಬರುತ್ತೇನೆ ಅಂದರೆ ಪೆಲೆಟ್ ಮಬ್ಬಾಗಿರುತ್ತದೆ. ಬರೀ ಕೆಬಿಆರ್‌ನ ಪೆಲೆಟ್ ಒಂದನ್ನು ಅದೇ ಹೊತ್ತಿಗೆ ಮಾಡಿ ಬ್ಯಾಕ್‌ಗ್ರೌಂಡ್ ತಗೊಳ್ಳಿ. ಸ್ಪೆಕ್ಟ್ರಮ್ ಬಂದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.