ಹೋಟೆಲಿನ ಅನ್ನ ಕೊಟ್ಟ ಮೇಲೆ ಸಗಣಿ ನೀರಾಗಿದೆ, ಫ್ಯಾಟ್ ಇಳಿದಿದೆ

ಪ್ರಶ್ನೆ (ಬ್ರಹ್ಮಾವರ): ಡಾಕ್ಟ್ರೇ ನಮಸ್ಕಾರ. ನಮ್ಮ ಜರ್ಸಿ ದನ ಕರು ಹಾಕಿ ಎರಡು ತಿಂಗಳಾಯಿತು, ದಿನಕ್ಕೆ 12 ಲೀಟರ್ ಹಾಲು. ಬೈಹುಲ್ಲು ದುಬಾರಿ ಅಂತ ಅದನ್ನು ಕಡಿಮೆ ಮಾಡಿ, ಒಂದು ವಾರದಿಂದ ಹೋಟೆಲಿನಲ್ಲಿ ಉಳಿದ ಅನ್ನವನ್ನು ಅಕ್ಕಚ್ಚಿಗೆ (ಅಕ್ಕಿ ತೊಳೆದ ನೀರಿಗೆ) ಹಾಕಿ ದಿನಾ ಅರ್ಧ ಬಾಲ್ದಿ ಕೊಡುತ್ತಿದ್ದೇನೆ. ಈಗ ಸಗಣಿ ಗಂಜಿಯ ಹಾಗೆ, ಮೇಲೆ ನೊರೆ. ಡೈರಿಯಲ್ಲಿ ಫ್ಯಾಟ್ 4.1 ಇದ್ದದ್ದು 3.2 ಬಂತು. ಹಿಂಡಿ ಜಾಸ್ತಿ ಮಾಡಲಾ?

ಉತ್ತರ: ಬೇಡ ಅಕ್ಕ. ಅನ್ನವನ್ನು ಇವತ್ತೇ ನಿಲ್ಲಿಸಿ, ಹಿಂಡಿಯನ್ನೂ ನಾಲ್ಕು ದಿನ ಸ್ವಲ್ಪ ಕಡಿಮೆ ಮಾಡಿ.

ದನ ತಿಂದದ್ದು ಮೊದಲು ದೊಡ್ಡ ಹೊಟ್ಟೆಗೆ ಹೋಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳೇ ಹುಲ್ಲಿನ ನಾರನ್ನು ಒಡೆಯುವುದು. ಹಾಲಿನ ಫ್ಯಾಟಿಗೆ ಬೇಕಾದ ಸಾಮಾನು ಬರುವುದೂ ಹೆಚ್ಚಾಗಿ ಆ ನಾರಿನಿಂದ. ಬೆಂದ ಅನ್ನ ಹಾಗಲ್ಲ, ಕೆಲವೇ ಗಂಟೆಗಳಲ್ಲಿ ಹೊಟ್ಟೆಯೊಳಗೆ ಹುಳಿಯಾಗುತ್ತದೆ. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 6ಕ್ಕಿಂತ ಇಳಿದರೆ ನಾರು ಒಡೆಯುವ ಜೀವಿಗಳು ಸೊರಗುತ್ತವೆ.

ಈ ಹುಳಿಗೆ ಮದ್ದು ದನದ ಬಾಯಲ್ಲೇ ಇದೆ. ದಿನಕ್ಕೆ 100 ಲೀಟರಿಗೂ ಜಾಸ್ತಿ ಜೊಲ್ಲು ಬರುತ್ತದೆ, ಅದರಲ್ಲಿ ಸೋಡ ಇರುತ್ತದೆ. ಆದರೆ ಅಷ್ಟು ಜೊಲ್ಲು ಬರಬೇಕಾದರೆ ದನ ಚೆನ್ನಾಗಿ ಮೆಲುಕು ಹಾಕಬೇಕು. ಅನ್ನಕ್ಕೆ ಮೆಲುಕು ಎಲ್ಲಿಂದ ಬರಬೇಕು?

ಮಧ್ಯಾಹ್ನ ದನ ಮಲಗಿದಾಗ ಹಟ್ಟಿಯ ಬಾಗಿಲಲ್ಲಿ ಸುಮ್ನೆ ನಿಂತು ನೋಡಿ. ಗಂಟಲಿನಿಂದ ಒಂದು ಉಂಡೆ ಮೇಲೆ ಬಂದದ್ದು ಕಾಣುತ್ತದೆ. ಅದನ್ನು ನುಂಗುವ ತನಕ ಎಷ್ಟು ಸಲ ಜಗಿಯುತ್ತದೆ ಅಂತ ಎಣಿಸಿ. 50 ದಾಟಿದರೆ ಒಳ್ಳೆಯದು. 30–35ಕ್ಕೇ ನುಂಗಿದರೆ ನಾರು ಸಾಲುತ್ತಿಲ್ಲ.

ಬೆಳಿಗ್ಗೆ ಮೊದಲು ಬೈಹುಲ್ಲು, ಆಮೇಲೆ ಹಿಂಡಿ. ಬೈಹುಲ್ಲನ್ನು ತೀರಾ ಪುಡಿ ಮಾಡಬೇಡಿ. ಅಡುಗೆ ಸೋಡ ದಿನಕ್ಕೆ 100 ಗ್ರಾಂ ಹಿಂಡಿಯಲ್ಲಿ ಕಲಸಿ ನಾಲ್ಕೈದು ದಿನ ಕೊಡಬಹುದು. ಅನ್ನ ಮುಂದುವರಿಸಿಕೊಂಡು ಸೋಡ ಮಾತ್ರ ಕೊಟ್ಟರೆ ಏನೂ ಪ್ರಯೋಜನ ಇಲ್ಲ.

ದನ ಮೇವು ಪೂರ್ತಿ ಬಿಟ್ಟರೆ, ತೂರಾಡಿದರೆ, ಮಲಗಿದಲ್ಲಿಂದ ಏಳದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ರಾತ್ರಿಯಾದರೂ ಡಾಕ್ಟರನ್ನು ಕರೆಸಿ. ಒಂದೇ ಸಲ ತುಂಬಾ ಅನ್ನ ತಿಂದ ದನ ಒಂದೆರಡು ದಿನದಲ್ಲೇ ಸಾಯಬಹುದು.

ಇನ್ನೊಬ್ಬರ ಪ್ರಶ್ನೆ (ಮೂಡುಬಿದಿರೆ): ನಾವು ಅನ್ನ ಕೊಡುವುದೇ ಇಲ್ಲ ಸರ್. ಆದರೂ ಮಳೆ ಶುರುವಾದ ಕೂಡಲೇ ಸಗಣಿ ತೆಳ್ಳಗಾಗುತ್ತದೆ, ಯಾಕೆ?

ಉತ್ತರ: ಅದು ಎಳೆ ಹುಲ್ಲು. ಅದರಲ್ಲಿ ನೀರೇ ಜಾಸ್ತಿ, ನಾರು ಕಡಿಮೆ. ದನವನ್ನು ಮೇಯಲು ಬಿಡುವ ಮೊದಲು ಒಂದು ಕಟ್ಟು ಬೈಹುಲ್ಲು ಹಾಕಿ. ಯಾವ ಮೇವು ಬದಲಾಯಿಸುವುದಿದ್ದರೂ 10–14 ದಿನ ತಗೊಳ್ಳಿ, ಹೊಟ್ಟೆಯ ಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ಬ್ರಹ್ಮಾವರದ ಅಕ್ಕ, 11 ದಿನದ ನಂತರ: ಸಗಣಿ ಗಟ್ಟಿಯಾಗಿದೆ ಡಾಕ್ಟ್ರೇ. ಇವತ್ತು ಫ್ಯಾಟ್ 3.9. ನಿನ್ನೆ ಎಣಿಸಿದೆ, 54 ಸಲ ಜಗಿಯಿತು! ಹೋಟೆಲಿನವರು ಅನ್ನ ತಗೊಂಡು ಹೋಗಿ ಅಂತ ಈಗಲೂ ಹೇಳುತ್ತಾರೆ. ಗೋಬರ್ ಗ್ಯಾಸ್ ಗುಂಡಿಗೆ ಹಾಕಬಹುದಾ?

ಉತ್ತರ: ತುಂಬಾ ಖುಷಿಯಾಯಿತು ಅಕ್ಕ. ಹಾಕಬಹುದು, ಆದರೆ ಸಗಣಿಯ ಜೊತೆ ದಿನಕ್ಕೆ ಸ್ವಲ್ಪ ಸ್ವಲ್ಪವೇ. ಒಂದೇ ಸಲ ಸುರಿದರೆ ಆ ಗುಂಡಿಯೂ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ.