ನೇತ್ರಾಣಿ ಗುಡ್ಡದ ಹಕ್ಕಿಗಳು ದೋಣಿಯಿಂದಲೇ ಕಾಣುತ್ತವಾ?

ಶಿರಸಿಯಿಂದ:
ಡಿಸೆಂಬರ್‌ನಲ್ಲಿ ಮಗಳ ಜೊತೆ ಮುರುಡೇಶ್ವರಕ್ಕೆ ಬರುತ್ತಿದ್ದೇನೆ. ಅಲ್ಲಿನ ಕಡಲಲ್ಲಿರುವ ನೇತ್ರಾಣಿ ದ್ವೀಪ ಎಂದರೆ ಎಲ್ಲರೂ ಸ್ಕೂಬಾ ಅನ್ನುತ್ತಾರೆ. ನನಗೆ ನೀರಿಗಿಳಿಯುವ ಆಸೆ ಇಲ್ಲ, ಹಕ್ಕಿ ನೋಡಬೇಕು. ಇಂಗ್ಲಿಷರು ಪಿಜನ್ ಐಲ್ಯಾಂಡ್ ಅಂದರಲ್ಲ, ಪಾರಿವಾಳ ಜಾಸ್ತಿ ಇವೆಯಾ?

ಭಟ್ಕಳದಿಂದ:
ಪಾರಿವಾಳ ಇವೆ. ಆದರೆ ಅದಕ್ಕಾಗಿ 19 ಕಿ.ಮೀ. ಕಡಲಲ್ಲಿ ಯಾಕೆ ಬರಬೇಕು ಮಾರಾಯ್ರೆ, ದೇವಸ್ಥಾನದ ಗೋಪುರ ನೋಡಿದರೆ ಸಾಕಲ್ವಾ? ನೀವು ನೋಡಬೇಕಾದದ್ದು ಬಿಳಿ ಹೊಟ್ಟೆಯ ಕಡಲ ಹದ್ದು. ದೊಡ್ಡ ಮರದಲ್ಲಿ ಹಳೇ ಗೂಡಿಗೇ ಪ್ರತಿ ವರ್ಷ ಕಡ್ಡಿ ಸೇರಿಸುತ್ತದೆ. ಮೀನಷ್ಟೇ ಅಲ್ಲ, ಕಡಲ ಹಾವನ್ನೂ ಎತ್ತಿಕೊಂಡು ಹೋಗುತ್ತದೆ. ಗವಿಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಇದೆ. ಎಂಜಲಿನಿಂದ ಗೂಡು ಅಂಟಿಸುತ್ತದೆ, ಕತ್ತಲಲ್ಲಿ ಟಿಕ್ ಟಿಕ್ ಸದ್ದು ಮಾಡಿ ಪ್ರತಿಧ್ವನಿಯಿಂದ ದಾರಿ ಹುಡುಕುತ್ತದೆ. ಇಂಥ ಜಾಗವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿತ್ತು. ನನಗಂತೂ ಅದು ಇವತ್ತಿಗೂ ಒಪ್ಪಿಗೆಯಿಲ್ಲ.

ಹೊನ್ನಾವರದಿಂದ:
ಆಡುಗಳನ್ನು ಮರೆತಿರಲ್ಲ! ಮೀನುಗಾರರು ಹರಕೆಗೆ ಬಿಟ್ಟವು. ಗಿಡ ಮೇಯುವುದೂ ಅವೇ.
ಅಕ್ಕ, ಅಂಚೆಲ್ಲ ಕಡಿದಾದ ಬಂಡೆ, ಹತ್ತುವ ಯೋಚನೆ ಬೇಡ. ಬೆಳಗಿನ ದೋಣಿ ಹಿಡಿಯಿರಿ, ಬೈನಾಕ್ಯುಲರ್ ತನ್ನಿ. ಮಗಳಿಗೆ ವಾಂತಿ ಮಾತ್ರೆ ಮೊದಲೇ ಕೊಡಿ.