ಕಾಯ್ದೇಲಿ ಬರೆದಿರೋದು ಮುಖ್ಯಾನಾ, ಬರೆದವರ ಮನಸ್ಸಲ್ಲಿದ್ದಿದ್ದಾ? ಬಾಸ್ಟಾಕ್ ಕೇಸ್ ಬಗ್ಗೆ ಒಂದು ಡೌಟು

ಲಾ_ಓದೋ_ಹುಡ್ಗಿ

ಎಲ್ರಿಗೂ ನಮಸ್ಕಾರ. ಎಲ್‌ಎಲ್‌ಬಿ ಮಾಡ್ತಿದೀನಿ, ಜ್ಯೂರಿಸ್‌ಪ್ರುಡೆನ್ಸ್ ಸೆಮಿನಾರ್‌ಗೆ ಅಮೆರಿಕಾದ ಬಾಸ್ಟಾಕ್ ಕೇಸ್ (2020) ಸಿಕ್ಕಿದೆ. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ, ಅಲ್ಲಿನ 1964ರ ಸಿವಿಲ್ ರೈಟ್ಸ್ ಆಕ್ಟ್‌ನ ಟೈಟಲ್ 7 ಪ್ರಕಾರ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ಇವುಗಳ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡೋ ಹಾಗಿಲ್ಲ. ಒಬ್ರನ್ನ ಗೇ ಅಂತ ಕೆಲಸದಿಂದ ತೆಗೆದ್ರೆ ಅದು ಲಿಂಗದ ಕಾರಣಕ್ಕೆ ತೆಗೆದ ಹಾಗಾ ಅನ್ನೋದೇ ಪ್ರಶ್ನೆ, ಸುಪ್ರೀಂ ಕೋರ್ಟು 6-3ರಲ್ಲಿ ಹೌದು ಅಂತು. ನಂಗೆ ಅರ್ಥ ಆಗ್ದೇ ಇರೋದು ಏನಂದ್ರೆ ತೀರ್ಪು ಬರೆದಿದ್ದು ಗೋರ್ಸಚ್, ಟ್ರಂಪ್ ನೇಮಿಸಿದ ಜಡ್ಜು, ಪಕ್ಕಾ ಟೆಕ್ಸ್ಚುವಲಿಸ್ಟು, ಅಂದ್ರೆ ಬರೆದವರ ಉದ್ದೇಶ ಅಲ್ಲ ಕಾಯ್ದೇಲಿ ಬರೆದಿರೋ ಪದಗಳೇ ಮುಖ್ಯ ಅನ್ನೋರು. ವಿರುದ್ಧ ಬರೆದ ಅಲಿಟೋ, ಕ್ಯಾವನಾ ಕೂಡ ನಾವೂ ಟೆಕ್ಸ್ಟನ್ನೇ ಓದ್ತಿದೀವಿ ಅಂತಾರೆ. ಒಂದೇ ಸೆಕ್ಷನ್ನು ಒಂದೇ ಸಿದ್ಧಾಂತ ಇಟ್ಕೊಂಡು ಎರಡು ಉಲ್ಟಾ ಉತ್ತರ ಹೇಗೆ ಬರುತ್ತೆ? ನಮ್ಮ ಮೇಷ್ಟ್ರು "ಎಲ್ಲಾ ಪಾಲಿಟಿಕ್ಸಮ್ಮಾ" ಅಂದು ಮುಗಿಸಿಬಿಟ್ರು, ನಂಗೆ ಸಮಾಧಾನ ಆಗ್ಲಿಲ್ಲ.

ಕರಿಕೋಟು

ಪಾಲಿಟಿಕ್ಸ್ ಅಷ್ಟೇ ಆಗಿದ್ರೆ ಗೋರ್ಸಚ್ ಮತ್ತೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಇಬ್ರೂ ಕನ್ಸರ್ವೇಟಿವ್ ಜಡ್ಜುಗಳು, ಆ ಕಡೆ ಹೋಗ್ತಾನೇ ಇರ್ಲಿಲ್ಲ, ಅದನ್ನ ನಿಮ್ಮ ಮೇಷ್ಟ್ರನ್ನೇ ಕೇಳಿ.

ಗೋರ್ಸಚ್ ಲೆಕ್ಕ ತುಂಬಾ ಸಿಂಪಲ್ಲು. ಒಂದೇ ಆಫೀಸಲ್ಲಿ ಇಬ್ರು ಇದಾರೆ ಅನ್ಕೊಳಿ, ಒಬ್ಬ ಗಂಡಸು ಒಬ್ಬಳು ಹೆಂಗಸು, ಇಬ್ರಿಗೂ ಗಂಡಸರ ಮೇಲೇ ಆಕರ್ಷಣೆ. ಗಂಡಸನ್ನ ತೆಗೆದು ಹೆಂಗಸನ್ನ ಇಟ್ಕೊಂಡ್ರೆ ಇಬ್ಬರ ನಡುವೆ ಲಿಂಗ ಬಿಟ್ರೆ ಬೇರೆ ಯಾವ ವ್ಯತ್ಯಾಸ ಉಳೀತು? 1964ರಲ್ಲಿ ಓಟ್ ಹಾಕಿದವರಿಗೆ ಈ ಐಡಿಯಾ ಕನಸಲ್ಲೂ ಬಂದಿರ್ಲಿಕ್ಕಿಲ್ಲ, ಆದ್ರೆ ಕಾಯ್ದೆ ಆಗಿರೋದು ಅವರು ಬರೆದಿದ್ದು, ಅವರ ಊಹೆ ಅಲ್ಲ ಅಂತಾರೆ. ಇದೇನು ಹೊಸದಾಗಿ ಹುಟ್ಟಿಸಿದ್ದಲ್ಲ. 1998ರ ಆಂಕಾಲೆ ಕೇಸಲ್ಲಿ, ತೈಲ ತೆಗೆಯೋ ರಿಗ್ ಮೇಲೆ ಗಂಡಸರೇ ಒಬ್ಬ ಗಂಡಸಿಗೆ ಕೊಟ್ಟ ಲೈಂಗಿಕ ಕಿರುಕುಳಕ್ಕೂ ಟೈಟಲ್ 7 ಅನ್ವಯಿಸುತ್ತೆ, ಶಾಸಕರ ತಲೇಲಿ ಅದು ಇರ್ಲಿ ಬಿಡ್ಲಿ ಅಂತ ಇನ್ನೊಬ್ಬ ಹೆಸರಾಂತ ಟೆಕ್ಸ್ಚುವಲಿಸ್ಟ್ ಜಡ್ಜು ಸ್ಕಾಲಿಯಾ ಬರೆದಿದ್ರು. ಕೋರ್ಟು ಒಮ್ಮತ. ಆ ಸ್ಕಾಲಿಯಾ ಸೀಟಿಗೇ ಬಂದೋರು ಗೋರ್ಸಚ್ಚು.

ಅಲಿಟೋಗೆ ಇದು ಉರಿದು ಹೋಯ್ತು. ಟೆಕ್ಸ್ಚುವಲಿಸಂ ಬಾವುಟ ಹಾರಿಸ್ಕೊಂಡು ಬರ್ತಿರೋ ಕಡಲ್ಗಳ್ಳರ ಹಡಗು ಇದು ಅಂತಲೇ ಬೈದಿದಾರೆ. ನನ್ನ ಕೇಳಿದ್ರೆ ನಿಜವಾಗಿ ತೂಕ ಇರೋದು ಕ್ಯಾವನಾ ವಾದಕ್ಕೆ. ಪದಪದ ಬಿಡಿಸಿ ಕೂಡಿಸಿದ್ರೆ ಸಿಗೋ ಅರ್ಥ ಬೇರೆ, ಇಡೀ ಮಾತನ್ನ ಸಾಮಾನ್ಯ ಜನ ಕೇಳಿದಾಗ ಮಾಡ್ಕೊಳೋ ಅರ್ಥ ಬೇರೆ, ಕೋರ್ಟು ಎರಡನೇದನ್ನ ಹಿಡೀಬೇಕು ಅಂತ. ಅಂದ್ರೆ ಇಬ್ರೂ ಟೆಕ್ಸ್ಟ್ ಬಿಟ್ಟು ಆಚೆ ಹೋಗಿಲ್ಲ, ಪದವನ್ನ ಎಷ್ಟು ಹತ್ತಿರದಿಂದ ನೋಡ್ಬೇಕು ಅನ್ನೋದರಲ್ಲಿ ಜಗಳ. ಅದನ್ನ ಟೆಕ್ಸ್ಚುವಲಿಸಂ ತಾನಾಗೇ ಹೇಳಿಕೊಡಲ್ಲ, ಅಲ್ಲಿ ಜಡ್ಜು ಆಯ್ಕೆ ಮಾಡ್ಲೇಬೇಕು. ನಂಗೆ ಗೋರ್ಸಚ್ ಸರಿ ಅನ್ಸುತ್ತೆ, ಯಾಕಂದ್ರೆ ಆ ಸೆಕ್ಷನ್ನು 'ವ್ಯಕ್ತಿ' ಬಗ್ಗೆ ಮಾತಾಡುತ್ತೆ, ಗುಂಪಿನ ಬಗ್ಗೆ ಅಲ್ಲ.

ಹುಬ್ಳಿ_ಮಂದಿ

ನಮ್ಮ ಕಡೆದ್ದೂ ಒಂದು ನೋಡ್ರಿ, ನರ್ಗೇಶ್ ಮಿರ್ಜಾ ಕೇಸು, 1981. ಏರ್ ಇಂಡಿಯಾ ಏರ್ ಹೋಸ್ಟೆಸ್‌ಗಳಿಗೆ 35ಕ್ಕ ರಿಟೈರ್‌ಮೆಂಟು, ಸೇರಿದ ನಾಕು ವರ್ಷದಾಗ ಮದುವಿ ಆದ್ರ ಮನಿಗೆ, ಮೊದಲ್ನೇ ಬಸುರಿಗೂ ಮನಿಗೆ. ಸಂವಿಧಾನದ 15(1)ರಾಗ ಲಿಂಗದ ಕಾರಣ 'ಮಾತ್ರಕ್ಕೆ' ತಾರತಮ್ಯ ಮಾಡಬಾರದು ಅಂತ ಐತಲ್ಲ, ಆ 'ಮಾತ್ರ' ಹಿಡಕೊಂಡು ಕೋರ್ಟು, ಇದು ಬರೀ ಲಿಂಗ ಅಲ್ಲ, ಲಿಂಗದ ಜೋಡಿ ಬ್ಯಾರೆ ಕಾರಣನೂ ಅದಾವ ಅಂತು. ಬಸುರಿನ ರೂಲ್ ಹೊಡದು ಹಾಕಿದ್ರು ಖರೆ, ಆದ್ರ ಅದು ಸಮಾನತೆ ಹೇಳೋ 14ನೇ ವಿಧಿ ಮ್ಯಾಲೆ. ಮದುವಿ ರೂಲ್ ಉಳೀತು! ಇದಕ್ಕ ಹತ್ತು ವರ್ಷ ಮೊದಲ, 1971ರಾಗ, ಅಮೆರಿಕಾದ ಫಿಲಿಪ್ಸ್ ಕೇಸಿನಾಗ ಸಣ್ಣ ಮಕ್ಕಳಿರೋ ತಾಯಂದಿರನ್ನ ತಗೊಳ್ಳಂಗಿಲ್ಲ, ತಂದೆ ಆದ್ರ ನಡೀತದ ಅಂದ ಕಂಪನಿಗೆ ಅಲ್ಲಿ ಸುಪ್ರೀಂ ಕೋರ್ಟು ಒಪ್ಪಿರಲಿಲ್ಲ.

ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದ 2018ರ ನವತೇಜ್ ಜೋಹರ್ ತೀರ್ಪಿನಾಗ ಚಂದ್ರಚೂಡ್ ಅವರು ಈ ಮಿರ್ಜಾ ಓದನ್ನ ಕಟುವಾಗಿ ಟೀಕಿಸ್ಯಾರ. ಹೆಣ್ಣು ಹಿಂಗ ಇರಬೇಕು ಗಂಡು ಹಂಗ ಇರಬೇಕು ಅನ್ನೋ ಪಡಿಯಚ್ಚಿನ ಮ್ಯಾಲೆ ನಿಂತ ತಾರತಮ್ಯನೂ ಲಿಂಗದ ತಾರತಮ್ಯನ ಅಂದ್ರು. ಅಕ್ಷರ ಹಿಡದು ಅಮೆರಿಕಾದವ್ರು ಬಾಗಿಲು ತಗದ್ರು, ನಾವು ಅಕ್ಷರ ಹಿಡದು ಹಾಕಿದ ಬಾಗಿಲನ್ನ ಉದ್ದೇಶ ನೋಡಿ ತಗದ್ವಿ. ಸಿದ್ಧಾಂತದ ಹೆಸರು ಕೇಳಿ ರಿಸಲ್ಟ್ ಹೇಳಾಕ ಆಗಂಗಿಲ್ರಿ.

ಕರಿಕೋಟು

@ಹುಬ್ಳಿ_ಮಂದಿ ಒಳ್ಳೆ ಹೋಲಿಕೆ ಸರ್, ಒಂದೇ ತಕರಾರು. ಟೈಟಲ್ 7ರಲ್ಲಿ 'ಮಾತ್ರ' ಅನ್ನೋದು ಇಲ್ಲ, ಇಲ್ಲದೇ ಇರೋದನ್ನ ಗೋರ್ಸಚ್ ಬೊಟ್ಟು ಮಾಡಿ ತೋರಿಸಿದಾರೆ. ಜೊತೆಗೆ ಅಲ್ಲಿ 15 ಜನಕ್ಕಿಂತ ಕಡಿಮೆ ಇಲ್ಲದ ಖಾಸಗಿ ಕಂಪನಿಗೂ ಆ ಕಾಯ್ದೆ ಬೀಳುತ್ತೆ, ನಮ್ಮ 15(1) ಇರೋದು ಸರ್ಕಾರದ ಮೇಲೆ. ಖಾಸಗಿ ನೌಕರಿಗೆ ನಮ್ಮಲ್ಲಿ ಅಂಗವಿಕಲರಿಗೆ 2016ರದ್ದು, ಎಚ್‌ಐವಿ ಇರೋರಿಗೆ 2017ರದ್ದು, ಟ್ರಾನ್ಸ್‌ಜೆಂಡರ್ ಜನಕ್ಕೆ 2019ರದ್ದು ಹೀಗೆ ಚೂರುಚೂರು ಕಾಯ್ದೆಗಳು, ಎಲ್ಲಾ ಸೇರಿದ ಒಂದು ಕಾಯ್ದೆ ಇಲ್ಲ.

ಬೇಏರಿಯಾ_ಗೌಡ್ರು

ಇಲ್ಲಿ ಅಮೆರಿಕಾದಲ್ಲಿ ನಮ್ಮವರ ಮಧ್ಯೆ ಇದೇ ಜಗಳ ಜಾತಿ ವಿಷ್ಯದಲ್ಲಿ ಆಗಿದೆ, ಕನ್ನಡ ಕೂಟದ ವಾಟ್ಸಾಪ್ ಗ್ರೂಪ್ ಎರಡು ಹೋಳಾಗೋ ಮಟ್ಟಕ್ಕೆ. ಸಿಯಾಟಲ್ ಸಿಟಿ 2023ರ ಫೆಬ್ರವರಿಯಲ್ಲಿ ತನ್ನ ತಾರತಮ್ಯ ವಿರೋಧಿ ಕಾನೂನಿಗೆ ಜಾತಿ ಅನ್ನೋ ಪದವನ್ನೇ ಸೇರಿಸ್ತು. ಕ್ಯಾಲಿಫೋರ್ನಿಯಾದಲ್ಲಿ ಪೂರ್ವಜ ಮೂಲ ಅಂದ್ರೆ ಜಾತಿನೂ ಸೇರುತ್ತೆ ಅಂತ ಬರೆಯೋ ಬಿಲ್ಲು ಪಾಸಾಯ್ತು, ಗವರ್ನರ್ ನ್ಯೂಸಮ್ ಅಕ್ಟೋಬರಲ್ಲಿ ವೀಟೋ ಮಾಡಿದ್ರು, ಕಾರಣ ಇರೋ ಕಾನೂನಲ್ಲೇ ಅದು ಅಡಗಿದೆ, ಹೊಸದು ಬೇಡ ಅಂತ. ಈಗ ನಾಳೆ ಯಾರೋ ಕೋರ್ಟಿಗೆ ಹೋದ್ರೆ? ಗೋರ್ಸಚ್ ಥರ ಜಡ್ಜು ಆದ್ರೆ ಜಾತಿ ಹುಟ್ಟಿಂದ ಬರೋದು ತಾನೇ, ಪೂರ್ವಜರನ್ನ ತೆಗೆದು ಜಾತಿ ಹೇಳೋಕಾಗುತ್ತಾ ಅಂತ ಕೇಳ್ಬೋದು. ಕ್ಯಾವನಾ ಥರದವರು, ಸಾಮಾನ್ಯ ಅಮೆರಿಕನ್ ಆ ಪದ ಕೇಳಿದ್ರೆ ಜಾತಿ ಅನ್ಕೊಳ್ತಾನಾ, ಅಲ್ಲದೆ ಮೊದಲೇ ಇದ್ದಿದ್ರೆ ಬಿಲ್ ಯಾಕೆ ತಂದ್ರಿ ಅಂತ ಕೇಳ್ಬೋದು.

ಬ್ರಿಟನ್ನಲ್ಲಿ 2014ರಲ್ಲೇ ಚಂದೋಕ್ ವರ್ಸಸ್ ಟಿರ್ಕಿ ಕೇಸಲ್ಲಿ ಅಪೀಲ್ ಟ್ರಿಬ್ಯುನಲ್, ಜನಾಂಗೀಯ ಮೂಲ ಅನ್ನೋದರೊಳಗೆ ಕೆಲವು ಸಂದರ್ಭದಲ್ಲಿ ಜಾತಿ ಬರ್ಬೋದು ಅಂತು, ಅದನ್ನೇ ನೆಚ್ಕೊಂಡು 2018ರಲ್ಲಿ ಅಲ್ಲಿನ ಸರ್ಕಾರ ಪ್ರತ್ಯೇಕವಾಗಿ ಸೇರಿಸೋದು ಬೇಡ ಅಂದ್ಬಿಡ್ತು. ನಂಗಂತೂ ಇದು ಇಷ್ಟ ಇಲ್ಲ. ಇದೆ ಅಂದ್ರೆ ಬರೆದುಬಿಡಿ, ತಾರತಮ್ಯ ಅನುಭವಿಸಿದೋನು ಲಾಯರ್ ಫೀಸ್ ಕಟ್ಟಿ ಆ ಪದದ ಅರ್ಥ ಕಂಡುಹಿಡೀಬೇಕಾ?

ಲಾ_ಓದೋ_ಹುಡ್ಗಿ

ಗೌಡ್ರೇ ಸೂಪರ್, ಇದನ್ನ ಸೆಮಿನಾರಲ್ಲಿ ಹಾಕ್ಲಾ? ಒಂದು ಕ್ವೆಶ್ಚನ್, ಬಿಲ್ ಬಿದ್ದುಹೋಯ್ತು ಅಂದ್ರೆ ಕಾಯ್ದೇಲಿ ಅದು ಇರ್ಲಿಲ್ಲ ಅಂತ ಅರ್ಥನಾ? ಬಾಸ್ಟಾಕಲ್ಲೂ ಈ ವಾದ ಇತ್ತಲ್ವಾ?

ಕರಿಕೋಟು

ಇತ್ತು. ಲೈಂಗಿಕ ಒಲವು ಸೇರಿಸೋ ಬಿಲ್‌ಗಳು ಅಲ್ಲಿನ ಸಂಸತ್ತು ಕಾಂಗ್ರೆಸ್ಸಲ್ಲಿ ವರ್ಷಗಟ್ಲೆ ಬಂದು ಪಾಸಾಗದೇ ಹೋದ್ವು, ವಿರೋಧ ಬರೆದವರು ಅದನ್ನ ಎತ್ತಿ ಹಿಡಿದ್ರು. ಗೋರ್ಸಚ್ ಉತ್ತರ ಏನಂದ್ರೆ ಮುಂದೆ ಬಂದ ಶಾಸಕರು ಯಾಕೆ ಸುಮ್ನಾದ್ರು ಅಂತ ಊಹೆ ಮಾಡಿ ಹಿಂದಿನವರು ಬರೆದ ಕಾಯ್ದೆಗೆ ಅರ್ಥ ಹಚ್ಚೋದು ಅಪಾಯ. ಕೆಲವರು ಬೇಡ ಅಂತ ವಿರೋಧಿಸಿರ್ತಾರೆ, ಕೆಲವರು ಆಗ್ಲೇ ಇದೆಯಲ್ಲ ಅಂತ ಬಿಟ್ಟಿರ್ತಾರೆ. ನ್ಯೂಸಮ್ ವೀಟೋ ಎರಡನೇ ಥರದ್ದಕ್ಕೆ ಲಿಖಿತ ಸಾಕ್ಷಿ, ಧಾರಾಳವಾಗಿ ಹಾಕಿ. ಆದ್ರೆ ಕ್ಯಾವನಾ ಭಾಗ ಪೂರ್ತಿ ಓದ್ದೆ ಸೆಮಿನಾರಿಗೆ ಹೋಗ್ಬೇಡಿ, ಪ್ರಶ್ನೆ ಬೀಳೋದು ಅಲ್ಲಿಂದಾನೇ.